ಅಮ್ಮನ ಜಾಗದ ಗಂಟು

ಊರವರು ಹಗ್ಗದಕ್ಕ ಎಂದು ಕರೆಯುತ್ತಿದ್ದ ಹೆಂಗಸಿಗೆ ಹೊಟ್ಟೆಕಿಚ್ಚು ಜಾಸ್ತಿ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಆ ಕಿಚ್ಚಿಗೆ ಸೌದೆ ಒಟ್ಟಿದವರು ಯಾರು ಎಂದು ಮಾತ್ರ ಯಾರೂ ಕೇಳಲಿಲ್ಲ.

ಆಕಾಶದಲ್ಲಿ ಎರಡು ಚಂದ್ರರಿದ್ದ ಆ ಸೀಮೆಗೆ ದೇವರು ಒಬ್ಬನೇ, ಹುರಿಯಪ್ಪ. ಮನೆತನ, ಮಾನ, ಹಿಂದಿನಿಂದ ಬಂದ ಪದ್ಧತಿ, ಎಲ್ಲದರ ಕಾವಲು ಅವನದು. ಮನೆಮನೆಯ ನಡುಗೋಡೆಯಲ್ಲಿ ಅವನ ಮರದ ಮೂರ್ತಿ; ಮೂರ್ತಿಯ ಮುಷ್ಟಿಯಿಂದ ಇಳಿಬಿದ್ದ ಒಂದು ಹಗ್ಗ. ಮನೆಯಲ್ಲಿ ಎಷ್ಟು ಜನವೋ ಹಗ್ಗದಲ್ಲಿ ಅಷ್ಟು ಗಂಟು. ಮುಷ್ಟಿಗೆ ಅಂಟಿಕೊಂಡಂತೆ ಯಜಮಾನನದು, ಅದರ ಕೆಳಗೆ ಮನೆಯೊಡತಿಯದು, ಆಮೇಲೆ ಗಂಡುಮಕ್ಕಳದು. ಮದುವೆಯಾಗದೆ ಉಳಿದ ಹೆಣ್ಣುಮಕ್ಕಳ ಗಂಟು ತುದಿಯಲ್ಲಿ, ಪೊರಕೆ ತಾಗುವಷ್ಟು ಕೆಳಗೆ. ಹೊಸದಾಗಿ ಬಂದ ಸೊಸೆಯ ಗಂಟನ್ನು ಮಾವ ಎಲ್ಲರೆದುರು ಮೂರು ಸಲ ಎಳೆದು ನೋಡಬೇಕು. ಬಿಚ್ಚಿಕೊಂಡರೆ ದೇವರು ಒಲ್ಲೆ ಎಂದ ಹಾಗೆ; ಅವಳು ಬಂದ ದಾರಿ ಹಿಡಿಯಬೇಕು. ಗಂಡಸರ ಗಂಟನ್ನು ಎಳೆದು ನೋಡುವ ಪದ್ಧತಿ ಇರಲಿಲ್ಲ. ಇದ್ದಿದ್ದರೆ ಎಷ್ಟು ಮನೆಗಳಲ್ಲಿ ಬರೀ ನುಣ್ಣನೆಯ ಹಗ್ಗ ಉಳಿಯುತ್ತಿತ್ತೋ, ಹುರಿಯಪ್ಪನೇ ಬಲ್ಲ.

ಊರಿಗೆಲ್ಲ ಈ ಹಗ್ಗ ಹೊಸೆಯುವ ಮನೆ ಹಗ್ಗದಕ್ಕನದು. ನಾರು ನೆನೆಸಿ, ಬಡಿದು, ಸಿಕ್ಕು ಬಿಡಿಸಿ, ತೊಡೆಯ ಮೇಲೆ ಉಜ್ಜಿ ಎಳೆ ಮಾಡಿ, ಮೂರು ಎಳೆ ಸೇರಿಸಿ ಹುರಿಗೊಳಿಸುತ್ತಿದ್ದಳು. ಅಂಗೈ ಎಷ್ಟು ಜಡ್ಡುಗಟ್ಟಿತ್ತೆಂದರೆ ಕಾದ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಿದ್ದಳು. ಅಮ್ಮ ಹೋಗಿ ಆರು ವರ್ಷ. ಅಡುಗೆಮನೆ, ಅಪ್ಪನ ಮಂಡಿನೋವು, ಕೆಲಸದ ಕೋಣೆ ಎಲ್ಲ ಇವಳ ತಲೆಯ ಮೇಲೆ. ತಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಂದವರೊಡನೆ ಹರಟುತ್ತಿದ್ದ; ಅದಕ್ಕೆ ವ್ಯಾಪಾರ ಎಂದು ಹೆಸರು. ಹಗ್ಗದಲ್ಲಿ ಅಮ್ಮನ ಗಂಟು ಬಿಚ್ಚಿದ ಜಾಗ ಖಾಲಿಯೇ ಇತ್ತು. ಇಂದಲ್ಲ ನಾಳೆ ಅದು ತನ್ನದು ಎಂದು ನಂಬಿಕೊಂಡೇ ಅವಳು ದುಡಿದಳು.

ತಮ್ಮನಿಗೆ ಮದುವೆಯಾಯಿತು. ಒಂದು ದಿನ ಊಟಕ್ಕೆ ಕೂತಾಗ ಅಪ್ಪ ಹೇಳಿದ, “ಬರೋ ತಿಂಗಳು ಹುಡುಗಿ ಗಂಟು ಕಟ್ಟೋಣ. ಅಮ್ಮನ ಜಾಗದಲ್ಲಿ.”

ಹಗ್ಗದಕ್ಕನ ಕೈಯ ಸೌಟು ಅಲ್ಲೇ ನಿಂತಿತು. “ಅಮ್ಮನ ಜಾಗದಲ್ಲಾ? ಬಂದು ಮೂರು ತಿಂಗಳಾಗಿಲ್ಲ. ಒಲೆ ಮೇಲಿಟ್ಟಿದ್ದು ಸೀದುಹಾಕೋದು ಬಿಟ್ರೆ ಏನು ಬರುತ್ತೆ ಅವಳಿಗೆ?”

“ಪದ್ಧತಿ ಕಣಮ್ಮ. ನಾನು ಮಾಡಿದ್ದಲ್ಲ.”

ತಮ್ಮ ಹಲ್ಲು ಕಿರಿದ. “ನಿನ್ನ ಗಂಟಿಗೇನು ಕಮ್ಮಿ ಅಕ್ಕಾ? ಹುರಿಯಪ್ಪನ ಪಾದದ ಹತ್ರಾನೇ ಇದೀಯ. ಪುಣ್ಯವಂತೆ!”

“ಪೊರಕೆ ಹತ್ರಾನೂ ಇದೀನಿ ಕಣೋ. ನಾಲಿಗೆ ಬಿಗಿಹಿಡಿ.”

ಅಂದಿನಿಂದ ತಮ್ಮನ ಹೆಂಡತಿ ಅವಳಿಗೆ ಕಣ್ಣಿಗೆ ಬಿದ್ದ ಕಸವಾದಳು. ಹುಡುಗಿ ನಕ್ಕರೆ ಮೆರೆದಾಟ, ಸುಮ್ಮನಿದ್ದರೆ ಬಿಗುಮಾನ. “ಅತ್ತಿಗೆ, ಈ ಗಂಟು ಹೇಗೆ ಹಾಕ್ತೀರಿ?” ಎಂದು ಕೆಲಸದ ಕೋಣೆಗೆ ಬಂದು ಕೂತರೆ ಇನ್ನೂ ಉರಿ. ತಮ್ಮನಿಗೆ ಇಪ್ಪತ್ತು ವರ್ಷದಲ್ಲಿ ಹತ್ತದ ವಿದ್ಯೆ ಹುಡುಗಿಯ ಬೆರಳಿಗೆ ತಿಂಗಳಲ್ಲಿ ಹತ್ತಿತ್ತು. ಇಬ್ಬರು ಹೆಂಗಸರಿಗೆ ಒಂದೇ ಗಂಟಿನಷ್ಟು ಜಾಗ ಬಿಡುವುದು, ಅವರು ಕಚ್ಚಾಡಿದರೆ ಹೆಂಗಸರ ಬುದ್ಧಿಯೇ ಇಷ್ಟು ಎನ್ನುವುದು! ಭಲೇ ನ್ಯಾಯ.

ಊರ ಗಂಟುಗಳನ್ನೆಲ್ಲ ಕಟ್ಟುವ ಕೈ ಹಗ್ಗದಕ್ಕನದೇ. ಶಾಸ್ತ್ರದ ದಿನ ಬೆಳಗ್ಗೆ ಹುಡುಗಿಯ ಗಂಟನ್ನೂ ಅವಳೇ ಕಟ್ಟಿದಳು. ಕಟ್ಟಿದ್ದು ಜಾರುಗಂಟು. ನೋಡಲು ಕಲ್ಲಿನಂತೆ, ಕೆಳಗಿನಿಂದ ಜಗ್ಗಿದರೆ ಒಳಗಿನ ಕುಣಿಕೆ ಸರಿದು ಹೇಳಹೆಸರಿಲ್ಲದಂತೆ ಹೋಗುತ್ತದೆ. ದೇವರು ಒಲ್ಲೆ ಎಂದ ಕಡೆಯಲ್ಲೆಲ್ಲ ಹುಡುಕಿದರೆ ಇಂಥದೊಂದು ಕೈ ಸಿಕ್ಕೇ ಸಿಗುತ್ತದೆ.

ನೆಂಟರು ನೆರೆದರು. ಪದ್ಧತಿಯಂತೆ ಸೊಸೆ ತನ್ನ ಗಂಟಿನ ಸುತ್ತ ಎರಡೂ ಅಂಗೈ ಒಡ್ಡಿ ನಿಂತಳು. ಮಾವ ತುದಿ ಹಿಡಿದು ಎಳೆದ. ಹುಡುಗಿಯ ಮುಖದ ಬಣ್ಣ ಹಾರಿತು. ಎರಡನೆಯ ಸಲ ಎಳೆದ, ಮೂರನೆಯ ಸಲ ಎಳೆದ. ಗಂಟು ನಿಂತಿತು.

“ಒಪ್ಪಿದ, ಹುರಿಯಪ್ಪ ಒಪ್ಪಿದ!” ಎಂದರು ನೆಂಟರು.

ಹಗ್ಗದಕ್ಕ ಗಂಟನ್ನೇ ದಿಟ್ಟಿಸಿದಳು. ತನ್ನ ಕೈ ತಪ್ಪುವ ಮಾತೇ ಇಲ್ಲ. ಹಾಗಾದರೆ ದೇವರೂ ಅವಳ ಕಡೆಯೇ?

ನೆಂಟರು ಹೋದ ಮೇಲೆ ಹುಡುಗಿ ಕೆಲಸದ ಕೋಣೆಗೆ ಬಂದು ಹೆಬ್ಬೆರಳು ಚಾಚಿದಳು. ಚರ್ಮ ಸುಲಿದು ಕೆಂಪಗಿತ್ತು.

“ಕುಣಿಕೆಯೊಳಗೆ ಬೆರಳು ತೂರಿಸಿದ್ದೆ ಅತ್ತಿಗೆ. ಮುಟ್ಟಿದ ಕೂಡ್ಲೇ ಜಾರುಗಂಟು ಅಂತ ಗೊತ್ತಾಯ್ತು. ನೀವೇ ಕಲಿಸಿದ್ದಲ್ವಾ?”

“ಮತ್ತೆ ಎಲ್ಲರ ಮುಂದೆ ಬಾಯಿ ಬಿಡೋದಕ್ಕೇನಾಗಿತ್ತು?”

“ಬಿಟ್ಟಿದ್ರೆ ನಿಮ್ಮನ್ನ ಹೊರಗೆ ಹಾಕ್ತಿದ್ರು. ನಿಮ್ಮ ತಮ್ಮನ ಜೊತೆ ನಾನೊಬ್ಬಳೇ ಹೆಣಗೋಕಾಗುತ್ತಾ?”

ಹಗ್ಗದಕ್ಕನಿಗೆ ನಗು ಬಂತು. ಬಂದ ನಗುವಿನ ಮೇಲೂ ಸಿಟ್ಟು ಬಂತು. ಒಳ್ಳೆಯತನದಲ್ಲೂ ಇವಳೇ ಮುಂದಾಗಬೇಕೇ?

“ಗಂಟು ಇನ್ನೂ ಹಾಗೇ ಇದೆ,” ಎಂದಳು ಹುಡುಗಿ ಮೆಲ್ಲಗೆ. “ಯಾರಾದ್ರೂ ಜಗ್ಗಿದ್ರೆ ನನ್ನ ಕಥೆ ಮುಗೀತು.”

ಹಗ್ಗದಕ್ಕ ಎದ್ದು ನಡುಗೋಡೆಯ ಬಳಿ ಹೋದಳು. ಜಾರುಗಂಟು ಬಿಚ್ಚಿ, ಹೊಸ ಗಂಟು ಹಾಕಿ ಹಲ್ಲಿನಿಂದ ಎಳೆದು ಬಿಗಿದಳು. ಆಮೇಲೆ ಬಗ್ಗಿ ತುದಿಯಲ್ಲಿದ್ದ ತನ್ನ ಗಂಟನ್ನು ಬಿಚ್ಚಿದಳು. ಇಡೀ ಹಗ್ಗವನ್ನು ಎತ್ತಿ ಕುಣಿಕೆಯೊಳಗೆ ತೂರಿಸಿ, ಹುಡುಗಿಯ ಗಂಟಿಗಿಂತ ಒಂದು ಬೆರಳು ಮೇಲೆ ತನ್ನ ಗಂಟು ಕಟ್ಟಿದಳು.

“ಮೇಲೆ ಯಾಕೆ ಅತ್ತಿಗೆ?”

“ನಾನು ದೊಡ್ಡವಳು.”

ಅಪ್ಪ ಕೋಲೂರಿಕೊಂಡು ಬಂದವನು ಹಗ್ಗ ನೋಡಿದ. “ಯಾರನ್ನ ಕೇಳಿ ಕಟ್ಟಿದೆ?”

ಅವಳು ಹಗ್ಗದ ತುದಿಯನ್ನು ಅವನ ಕೈಗಿಟ್ಟಳು. “ಎಳೆದು ನೋಡಪ್ಪ. ಬಿಚ್ಚಿಕೊಂಡ್ರೆ ಈಗಲೇ ಹೊರಟೆ.”

ಅಪ್ಪ ಎಳೆದ. ಕೋಲು ಬಿಟ್ಟು ಎರಡೂ ಕೈ ಹಾಕಿ ಎಳೆದ. ಗಂಟು ಜಪ್ಪಯ್ಯ ಅನ್ನಲಿಲ್ಲ. ಅವನು ಏದುಸಿರು ಬಿಡುತ್ತ ಗೋಡೆಗೊರಗಿ ಕೂತ. ಬಿಚ್ಚು ಎನ್ನುವ ಮಾತು ಅವನ ಬಾಯಿಂದ ಬರಲಿಲ್ಲ.

“ಬೆರಳಿಗೆ ಎಣ್ಣೆ ಹಚ್ಚಿಕೋ,” ಎಂದಳು ಹಗ್ಗದಕ್ಕ ಹುಡುಗಿಗೆ. “ದೊಡ್ಡ ಮನಸ್ಸಿನವಳು ಅಂತ ಬೀಗಬೇಡ. ನಂಗೆ ಮೈಯೆಲ್ಲ ಉರಿಯುತ್ತೆ.”