ವಾರಕ್ಕೆ ಎರಡೇ ಪುಸ್ತಕ

ಅವರ ಬಲಗೈ ಉಗುರುಗಳ ಸಂದಿಯಲ್ಲಿ ಸದಾ ಒಂದು ನೀಲಿ ಗೆರೆ ಇರುತ್ತಿತ್ತು. ನೋಡಿದವರು ಶಾಯಿ ಎಂದುಕೊಳ್ಳುತ್ತಿದ್ದರು. ಅದು ಮೈಲುತುತ್ತ. ಮಳೆಗಾಲಕ್ಕೆ ಮುಂಚೆ ಸುಣ್ಣದ ಜೊತೆ ಕಲಸಿ ಕಾಫಿ ಗಿಡಕ್ಕೆ ಹೊಡೆಯುತ್ತೇವಲ್ಲ, ಅದೇ. ಮೈದಾ ಅಂಟು ಕಾಯಿಸುವಾಗ ಚಿಟಿಕೆಯಷ್ಟು ಹಾಕಿದರೆ ಪುಸ್ತಕಕ್ಕೆ ಹುಳು ಹಿಡಿಯುವುದಿಲ್ಲ ಎಂದು ಯಾರೋ ಅವರಿಗೆ ಹೇಳಿಕೊಟ್ಟಿದ್ದರು. ಹರಿದ ಪುಸ್ತಕಗಳ ಬೆನ್ನು ಅಂಟಿಸಿ ಅಂಟಿಸಿ ಆ ನೀಲಿ ಬೆರಳಿನಲ್ಲೇ ಉಳಿದುಬಿಟ್ಟಿತ್ತು. ಅದನ್ನು ತೋಟದ ಸ್ಟೋರಿನಿಂದ ಕಾಗದದ ಪೊಟ್ಟಣ ಕಟ್ಟಿ ತಂದುಕೊಡುತ್ತಿದ್ದವನು ನಾನು.

ತೊಂಬತ್ತರ ದಶಕದಲ್ಲಿ ನಾನು ಗೋಣಿಬೀಡಿನಿಂದ ಒಳಗೆ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಆಳುಗಳ ಹಾಜರಿ ಬರೆಯುವುದು ನನ್ನ ಕೆಲಸ, ಊರವರ ಅರ್ಜಿ ಬರೆಯುವುದು ನನ್ನ ಚಟ. ರೇಷನ್ ಕಾರ್ಡು, ಕರೆಂಟಿನ ಕಂಬ, ಬೇಲಿ ಜಗಳ, ಏನಿದ್ದರೂ ನನ್ನ ಹತ್ತಿರ ಬರುತ್ತಿದ್ದರು. ಅಕ್ಷರ ಚೆನ್ನಾಗಿತ್ತು, ಕೋಪ ಮೂಗಿನ ತುದಿಯಲ್ಲೇ ಇತ್ತು. ಅರ್ಜಿಗೆ ಎರಡೂ ಬೇಕು. ಆ ನೀಲಿ ಉಗುರಿನವರು ನಮ್ಮೂರ ಪಂಚಾಯಿತಿ ಲೈಬ್ರರಿಯನ್ನು ನೋಡಿಕೊಳ್ಳುತ್ತಿದ್ದರು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಊರಿಗೆಲ್ಲ ಅವರು ಲೈಬ್ರರಿ ಅಕ್ಕ, ನನಗೂ.

ಲೈಬ್ರರಿ ಎಂದರೆ ಒಂದು ಕೋಣೆ, ಅದರ ಹಿಂದೊಂದು ಕತ್ತಲೆಯ ಚಿಕ್ಕ ರೂಮು. ನಾಲ್ಕು ಕಪಾಟು, ಎರಡು ಬೆಂಚು, ಒಂದು ದಿನಪತ್ರಿಕೆ. ಮನೆಕಂದಾಯದ ಜೊತೆ ವಸೂಲಾಗುವ ಗ್ರಂಥಾಲಯ ಕರ ಮೇಲಿನ ಆಫೀಸಿಗೆ ಹೋಗಿ, ಅಲ್ಲಿಂದ ಪುಸ್ತಕವಾಗಿ ನಮ್ಮೂರಿಗೆ ಇಳಿಯಬೇಕು. ಕೆಲವು ವರ್ಷ ಒಂದು ಪೆಟ್ಟಿಗೆ ಇಳಿಯುತ್ತಿತ್ತು. ಕೆಲವು ವರ್ಷ ‘ಶೀಘ್ರದಲ್ಲೇ ಬಿಡುಗಡೆಯಾಗಲಿದೆ’ ಎಂಬ ಕಾಗದ ಮಾತ್ರ ಇಳಿಯುತ್ತಿತ್ತು. ಅದನ್ನು ತೋರಿಸಿ ನಾನು ಖುಷಿಪಟ್ಟರೆ ಅಕ್ಕ ಕನ್ನಡಕ ಸರಿಮಾಡಿಕೊಂಡು ಹೇಳುತ್ತಿದ್ದರು: “ಬರ್ತದೆ ಅಂತ ಬರ್ದಿದಾರೆ ರೈಟ್ರೆ. ಬಂತು ಅಂತ ಬರ್ದಿಲ್ಲ.”

ಪ್ರತಿ ವರ್ಷ ಯುಗಾದಿ ಕಳೆದ ಮೇಲೆ ಅವರು ಹಳೆಯ ಸುತ್ತೋಲೆಗಳ ಬೆನ್ನ ಮೇಲೆ ಮೂರು ಪಟ್ಟಿ ಮಾಡುತ್ತಿದ್ದರು. ಒಂದರ ತಲೆಯ ಮೇಲೆ ‘ಬಂದರೆ’, ಇನ್ನೊಂದರ ಮೇಲೆ ‘ಅರ್ಧ ಬಂದರೆ’, ಮೂರನೆಯದರ ಮೇಲೆ ‘ಬರದಿದ್ದರೆ’. ‘ಬಂದರೆ’ ಎಂಬುದರ ಕೆಳಗೆ ಇನ್ನೊಂದು ಬೆಂಚು, ಮಕ್ಕಳ ಪುಸ್ತಕ ಎಂದು ಎರಡು ಸಾಲು. ‘ಬರದಿದ್ದರೆ’ ಹಾಳೆ ತುಂಬಿ ಅಂಚಿಗೂ ಹತ್ತುತ್ತಿತ್ತು. ವಾರಪತ್ರಿಕೆಯ ಧಾರಾವಾಹಿ ಕತ್ತರಿಸಿ ಹೊಲಿದು ಪುಸ್ತಕ ಮಾಡುವುದು. ಹೋಟೆಲಿನವರ ಇನ್ನೊಂದು ಪೇಪರನ್ನು ಮಧ್ಯಾಹ್ನದ ಮೇಲೆ ಕೇಳಿ ತರುವುದು. ಕೆಳಗಿನ ಸಾಲಿನ ಪುಸ್ತಕಗಳನ್ನು ಕಣ್ಣಿನ ಮಟ್ಟಕ್ಕೆ ಏರಿಸುವುದು. ಆ ಪಟ್ಟಿ ನೋಡಿ ನಾನು ನಕ್ಕಿದ್ದೇನೆ. “ಸರ್ಕಾರ ಬೀಳೋದನ್ನೇ ಕಾಯ್ತಾ ಇದ್ದೀರಲ್ಲ ಅಕ್ಕ” ಎಂದು ಛೇಡಿಸಿದ್ದೇನೆ. “ಬಿದ್ರೂ ಏಳ್ತದೆ. ಅಲ್ಲಿವರೆಗೆ ನಾವು ಬಾಗ್ಲು ತೆಗೀಬೇಕಲ್ಲ” ಎಂದಿದ್ದರು.

ಭಾನುವಾರ ಬೆಳಿಗ್ಗೆ ಲೈಬ್ರರಿಗೆ ಕಳೆ ಬರುತ್ತಿತ್ತು. ಬಾಗಿಲ ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಈ ವಾರ ಹೊಸದು’ ಎಂದು ಬರೆದು, ಕೆಳಗೆ ಎರಡು ಹೆಸರು. ಯಾವಾಗಲೂ ಎರಡೇ. ಆ ಎರಡಕ್ಕಾಗಿ ಟೈಲರು, ಶಾಲೆಯ ಟೀಚರುಗಳು, ರಜೆಯಿದ್ದ ಮೇಸ್ತ್ರಿ, ಗ್ಯಾರೇಜಿನ ಸಾಬರು ಎಲ್ಲರೂ ಬರುತ್ತಿದ್ದರು. ಸಿಕ್ಕಿದವರು ಗೆದ್ದೆವೆಂದು ಬೀಗುತ್ತಿದ್ದರು, ಸಿಗದವರು ಬೈದುಕೊಂಡು ಹಳೆಯದೊಂದನ್ನು ಒಯ್ಯುತ್ತಿದ್ದರು. ಎಲ್ಲರ ಕೈಲೂ ಅಕ್ಕ ಓದುಗರ ಪುಸ್ತಕದಲ್ಲಿ ಸಹಿ ಹಾಕಿಸುತ್ತಿದ್ದರು. ಸಹಿ ಕಡಿಮೆಯಾದ ಲೈಬ್ರರಿಗೆ ಮೊದಲು ಪುಸ್ತಕ ನಿಲ್ಲುತ್ತದೆ, ಆಮೇಲೆ ಬಾಗಿಲನ್ನೇ ಹಾಕುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ನಮಗೆ ಗೊತ್ತಿರಲಿಲ್ಲ. ಸಹಿಯ ಹುಚ್ಚು ಈ ಹೆಂಗಸಿಗೆ ಎಂದುಕೊಳ್ಳುತ್ತಿದ್ದೆವು.

ಆಗ ನನಗೊಂದು ಪುಸ್ತಕದ ಗೀಳು ಹತ್ತಿತ್ತು. ಹಡಗಿನಲ್ಲಿ ದೇಶ ಸುತ್ತಿದವರೊಬ್ಬರು ಬರೆದ ದಪ್ಪ ಪ್ರವಾಸಕಥನ. ಪೇಪರಿನಲ್ಲಿ ಅದರ ವಿಷಯ ಓದಿದ್ದೆ. ಹೋದಾಗಲೆಲ್ಲ ಕೇಳುತ್ತಿದ್ದೆ. “ಬರ್ತದೆ” ಎನ್ನುತ್ತಿದ್ದರು. ಏಳೆಂಟು ತಿಂಗಳು ಹೀಗೇ ನಡೆಯಿತು. ಒಂದು ದಿನ ಮೈಲುತುತ್ತದ ಪೊಟ್ಟಣ ಹಿಡಿದು ಹೋದಾಗ ಅಕ್ಕ ಪಂಚಾಯಿತಿ ಆಫೀಸಿಗೆ ಹೋಗಿದ್ದರು. ಪೊಟ್ಟಣ ಒಳಗಿಟ್ಟು ಬರೋಣವೆಂದು ಹಿಂದಿನ ರೂಮಿಗೆ ಕಾಲಿಟ್ಟೆ. ಮೂಲೆಯಲ್ಲಿ ಗೋಣಿತಾಟು ಹೊದಿಸಿದ ಮರದ ದೊಡ್ಡ ಪೆಟ್ಟಿಗೆ. ಎತ್ತಿ ನೋಡಿದರೆ ಹೊಸ ಪುಸ್ತಕಗಳು, ಇನ್ನೂರರ ಹತ್ತಿರ. ನನ್ನ ಹಡಗಿನ ಪುಸ್ತಕ ಮೇಲೆಯೇ ಇತ್ತು. ತೆಗೆದು ನೋಡಿದೆ. ಲೈಬ್ರರಿಯ ಮೊಹರು ಬಿದ್ದು ಒಂದೂವರೆ ವರ್ಷವಾಗಿತ್ತು.

ಮೈಯೆಲ್ಲ ಉರಿದುಹೋಯಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕೂತು, ಅಕ್ಕ ಬಂದ ಮೇಲೆ ಇದೇನೆಂದು ಕೇಳುತ್ತಿದ್ದರು. ನಾನು ಕೇಳಲಿಲ್ಲ. ಪುಸ್ತಕವನ್ನು ಇದ್ದ ಹಾಗೇ ಇಟ್ಟು, ಮನೆಗೆ ಬಂದು, ಊಟವನ್ನೂ ಮಾಡದೆ ಅರ್ಜಿ ಬರೆದೆ. ಸರ್ಕಾರದ ಪುಸ್ತಕಗಳನ್ನು ಸಾರ್ವಜನಿಕರಿಗೆ ಕೊಡದೆ ಬಚ್ಚಿಡಲಾಗಿದೆ, ಉದ್ದೇಶವೇನೆಂದು ತನಿಖೆಯಾಗಬೇಕು ಎಂದೆಲ್ಲ ಎರಡು ಪುಟ. ಕೆಳಗೆ ‘ನೊಂದ ಓದುಗರು’ ಎಂದು ಹಾಕಿ, ಮೂಡಿಗೆರೆಗೆ ಹೋಗುವವರ ಕೈಲಿ ಅಂಚೆಗೆ ಕೊಟ್ಟುಕಳಿಸಿದೆ.

ಮೂರೇ ವಾರಕ್ಕೆ ಮೇಲಿನ ಆಫೀಸಿನ ಸಾಹೇಬರು ಜೀಪಿನಲ್ಲಿ ಬಂದರು. ನಾನೂ ಏನೂ ಅರಿಯದವನಂತೆ ಬೆಂಚಿನ ಮೇಲೆ ಪೇಪರು ಹಿಡಿದು ಕೂತೆ. ಸಾಹೇಬರು ಕೆಟ್ಟವರೇನಲ್ಲ. ಪೆಟ್ಟಿಗೆಯ ಪುಸ್ತಕಗಳನ್ನು ದಾಖಲೆಯ ಜೊತೆ ತಾಳೆ ನೋಡಿದರು. ಒಂದೂ ಕಡಿಮೆಯಿರಲಿಲ್ಲ. “ಮತ್ಯಾಕಮ್ಮ ಒಳಗಿಟ್ಟಿದ್ದೀರಿ?” ಎಂದರು.

“ಮುಂದಿನ ಪೆಟ್ಟಿಗೆ ಯಾವಾಗ ಅಂತ ನಿಮ್ಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ ಸಾರ್. ವಾರಕ್ಕೆರಡು ತೆಗ್ದ್ರೆ ಎರಡು ವರ್ಷಕ್ಕೆ ಬರ್ತದೆ” ಎಂದರು ಅಕ್ಕ.

“ಪುಸ್ತಕ ಏನು ಉಪ್ಪಿನಕಾಯೇನಮ್ಮ, ಜಾಡಿಯಲ್ಲಿಟ್ಟು ಬಡಿಸೋಕೆ? ಎಲ್ಲಾ ಇವತ್ತೇ ಹೊರಗಿಡಿ.”

ಅಕ್ಕ ಒಳಗೆ ಹೋದರು. ಎರಡೆರಡೇ ಪುಸ್ತಕ ತಂದು ಮೇಜಿನ ಮೇಲೆ ಜೋಡಿಸಿದರು. ಆ ಭಾನುವಾರ ಊರಿಗೆ ಹಬ್ಬ. ಒಬ್ಬೊಬ್ಬರು ಮೂರು ನಾಲ್ಕು ಹೊತ್ತುಕೊಂಡು ಹೋದರು. ತೋಟದ ಕೆಲಸದಿಂದ ನಾನು ತಡವಾಗಿ ಹೋದೆ, ಹಡಗಿನ ಪುಸ್ತಕ ಆಗಲೇ ಯಾರದೋ ಪಾಲಾಗಿತ್ತು. ಅದು ಮತ್ತೆ ವಾಪಸೇ ಬರಲಿಲ್ಲ. ಆದರೂ ಊರಿಗೊಂದು ಉಪಕಾರ ಮಾಡಿದೆ ಎಂದು ಎದೆಯುಬ್ಬಿಸಿಕೊಂಡು ತಿರುಗಿದೆ.

ನಾಲ್ಕು ತಿಂಗಳಿಗೆ ಎಲ್ಲರೂ ಎಲ್ಲವನ್ನೂ ಓದಿ ಮುಗಿಸಿದರು. ಅದೇ ಹೊತ್ತಿಗೆ ಕಾಫಿಯ ಬೆಲೆ ಬಿತ್ತು. ತೋಟಗಳಲ್ಲಿ ಆಳು ಇಳಿಸಿದರು, ಮನೆಕಂದಾಯ ಕಟ್ಟುವವರಿಲ್ಲ, ಕರವೂ ಇಲ್ಲ. ಆ ವರ್ಷ ಪೆಟ್ಟಿಗೆ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಬಾಗಿಲ ಪಕ್ಕದ ಹಲಗೆ ಖಾಲಿಯಾಯಿತು. “ಏನುಂಟು ಅಲ್ಲಿ, ಎಲ್ಲಾ ಓದಾಯ್ತು” ಎಂದು ಟೈಲರು ಬರುವುದನ್ನು ಬಿಟ್ಟರು, ಅವರ ಹಿಂದೆ ಟೀಚರುಗಳು. ಕೊನೆಗೆ ಓದುಗರ ಪುಸ್ತಕದಲ್ಲಿ ದಿನಕ್ಕೆ ಮೂರು ಸಹಿ, ಅದರಲ್ಲೊಂದು ನನ್ನದು. ಮೇಲಿನಿಂದ ಕಾಗದ ಬಂತು. ಓದುಗರಿಲ್ಲದ ಕಾರಣ ಲೈಬ್ರರಿಯನ್ನು ಪಕ್ಕದ ಊರಿನದರ ಜೊತೆ ಸೇರಿಸಲಾಗುವುದು.

ಅದನ್ನು ಅಕ್ಕ ನನ್ನ ಕೈಗೆ ಕೊಟ್ಟ ದಿನ ನನಗೆ ನಿಜವಾಗಿ ಅರ್ಥವಾಯಿತು. ಆ ಪೆಟ್ಟಿಗೆ ಇದ್ದಿದ್ದರೆ ಆ ಎರಡು ವರ್ಷ ಹೇಗೋ ದಾಟುತ್ತಿತ್ತು. ಹೇಳಬೇಕೆಂದು ಬಾಯಿ ತೆರೆದವನು ಕಾಗದ ಮಡಿಸಿ ಮೇಜಿನ ಮೇಲಿಟ್ಟೆ. ಅಕ್ಕ ಮಾತ್ರ ಎಂದಿನಂತೆ, “ರೈಟ್ರೆ, ನೀವೊಂದು ಅರ್ಜಿ ಬರ್ಕೊಡಿ. ಮುಚ್ಚಬೇಡಿ ಅಂತ. ನೀವು ಬರೆದ್ರೆ ಕೆಲ್ಸ ಆಗ್ತದೆ” ಎಂದರು. ಬರೆದೆ. ಇಡೀ ಜನ್ಮದಲ್ಲಿ ಅಷ್ಟು ಚೆನ್ನಾಗಿ ಬರೆದಿರಲಿಲ್ಲ. ಮನೆಮನೆಗೆ ಹೋಗಿ ಸಹಿ ಹಾಕಿಸಿದೆ. ಒಂದಕ್ಕೆ ಉತ್ತರ ಬರಲಿಲ್ಲವೆಂದು ಇನ್ನೊಂದು, ಅದಕ್ಕೂ ಇಲ್ಲವೆಂದು ಮತ್ತೊಂದು. ಚಿಕ್ಕಮಗಳೂರಿಗೆ ಎರಡು ಸಲ ಹೋಗಿ ಸಂಜೆಯವರೆಗೆ ಕಾದು ಬಂದೆ. ಬರೆದು ಬರೆದು, ಬಸ್ಸು ಹತ್ತಿ ಇಳಿದು, ಸುಸ್ತಾದೆ. ಬರೆಯಬಾರದಿದ್ದ ಅರ್ಜಿಗೆ ಮೂರೇ ವಾರದಲ್ಲಿ ಜೀಪು ಬಂದಿತ್ತು. ಈ ಅರ್ಜಿಗಳಿಗೆ ಜೀಪು ಬಂದದ್ದು ಪುಸ್ತಕ ತುಂಬಿಕೊಂಡು ಹೋಗುವುದಕ್ಕೆ.

ಅಕ್ಕ ಆಮೇಲೆ ಕಳಸದ ಮಗಳ ಮನೆಗೆ ಹೋದರು. ಎಂಟು ಹತ್ತು ವರ್ಷ ಕಳೆದಿರಬೇಕು, ಕಾಯಿಲೆ ಜೋರಾಗಿದೆ ಎಂದು ತಿಳಿದು ಕೊಟ್ಟಿಗೆಹಾರದಲ್ಲಿ ಬಸ್ಸು ಬದಲಿಸಿ ಹೋದೆ. ತುಂಬ ಸೊರಗಿದ್ದರು. ಗೋಡೆಗೆ ಒರಗಿ ಕೂತು, ತೋಟ, ಮಳೆ, ಊರು ಎಂದು ಎಲ್ಲ ವಿಚಾರಿಸಿದರು. ಮಗಳು ಕಾಫಿ ತರಲು ಒಳಗೆ ಹೋದಾಗ ನಾನು, “ಅಕ್ಕ, ನಿಮ್ಮ ಮೇಲೆ ಒಂದು ಅರ್ಜಿ ಹೋಗಿತ್ತಲ್ಲ ಅವತ್ತು...” ಎಂದು ಶುರುಮಾಡಿದೆ.

“ಗೊತ್ತುಂಟು” ಎಂದರು. “ಸಾಹೇಬ್ರು ಅದನ್ನ ನನ್ನ ಕೈಗೇ ಕೊಟ್ಟು ಓದಿಸಿದ್ರು. ದಿನಾ ನೋಡೋ ಅಕ್ಷರ ಅಲ್ವಾ?”

ಅಂದರೆ ‘ನೀವು ಬರೆದ್ರೆ ಕೆಲ್ಸ ಆಗ್ತದೆ’ ಎಂದಾಗ ಅವರಿಗೆ ಗೊತ್ತಿತ್ತು. ಅವರು ಹಾಗೆಂದದ್ದು ಚುಚ್ಚುವುದಕ್ಕಲ್ಲ. ನಿಜವಾಗಿಯೂ ನಂಬಿ ಹೇಳಿದ್ದರು. ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. “ಒಂದು ಮಾತು ಬೈಬಹುದಿತ್ತಲ್ಲ ಅಕ್ಕ” ಎಂದೆ.

“ಬೈದಿದ್ರೆ ನೀವೂ ಬರೋದು ಬಿಡ್ತಿದ್ರಿ ಮಾರಾಯ್ರೆ” ಎಂದರು. “ಆಮೇಲೆ ದಿನಕ್ಕೆ ಎರಡೇ ಸಹಿ ಆಗ್ತಿತ್ತು.”

ಅದೇ ತಿಂಗಳ ಕೊನೆಗೆ ಅವರು ತೀರಿಕೊಂಡರೆಂದು ಮಗಳು ಫೋನ್ ಮಾಡಿದರು. ಇವತ್ತಿಗೂ ಜನ ಅರ್ಜಿ ಬರೆಸಲು ಬರುತ್ತಾರೆ. ಯಾರ ಮೇಲಾದರೂ ದೂರು ಎಂದರೆ ನಾನು ಪೆನ್ನು ಕೆಳಗಿಟ್ಟು, ಅವರನ್ನು ಕೇಳಿದ್ದೀರಾ ಎನ್ನುತ್ತೇನೆ. ಬಹಳಷ್ಟು ಜನ ಕೇಳಿರುವುದಿಲ್ಲ.