ಉಂಡವರಿಗೆಲ್ಲ ಒಂದು ಓಟು

ಹೋದ ತಿಂಗಳು ಒಂದು ಭಾನುವಾರ ಟೋಕಿಯೋದ ನಿಶಿ ಕಸಾಯಿಯ ನಮ್ಮ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಕೆಳಗಿನ ಯಾವುದೋ ಮನೆಯಿಂದ, ಹುದುಗಿಸಿದ ಮೀನನ್ನು ಬೆಳ್ಳುಳ್ಳಿಯ ಜೊತೆ ಎಣ್ಣೆಗೆ ಹಾಕಿದ ವಾಸನೆ ಬಂತು. ಒಳಗಿನಿಂದ ಅಮ್ಮ, "ಬಾಗಿಲು ಹಾಕೇ, ಹೊಟ್ಟೆ ತೊಳಸತ್ತೆ" ಎಂದಳು. ನಾನು ಹಾಕಲಿಲ್ಲ. ಒದ್ದೆ ಟವಲ್ಲು ಕೈಯಲ್ಲೇ ಹಿಡಿದು ನಿಂತುಬಿಟ್ಟೆ. ಪುಳಿಚಾರು ಉಂಡು ಬೆಳೆದವಳಿಗೆ ಇಂಥ ವಾಸನೆಗೆ ಕಣ್ಣು ತುಂಬಬೇಕೆ? ತುಂಬಿತು. ನಿಮಗೂ ಅಂಥ ಒಂದು ಮನೆ ಇದ್ದಿರುತ್ತದೆ. ನಿಮ್ಮದಲ್ಲದ, ಆದರೆ ನಿಮ್ಮದಕ್ಕಿಂತ ಹೆಚ್ಚು ನೆನಪಾಗುವ ಮನೆ.

ನಾನು ಪ್ರೈಮರಿಯಲ್ಲಿದ್ದಾಗ ಅಮ್ಮ ಭಾನುವಾರಗಳಂದು ಸ್ಟೇಷನ್ನಿನ ಹತ್ತಿರದ ಇಂಡಿಯನ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಪ್ಪ ಲ್ಯಾಪ್‌ಟಾಪಿನ ಮುಂದೆ, ಇಲ್ಲವಾದರೆ ನಿದ್ದೆಯಲ್ಲಿ. ಹಾಗಾಗಿ ನನ್ನನ್ನು ಮೇಲಿನ ಮಹಡಿಯ ಬರ್ಮಾದವರ ಮನೆಗೆ ಸಾಗಹಾಕುತ್ತಿದ್ದರು. ಟಿನ್ ಅಂಕಲ್ ಅವರ ದೇಶದಲ್ಲಿ ಮೇಷ್ಟರಾಗಿದ್ದವರು. ಮಿಲಿಟರಿ ಸರ್ಕಾರದ ವಿರುದ್ಧ ಮಾತಾಡಿ, ಓಡಿಬಂದು, ಇಲ್ಲಿ ಹೋಟೆಲ್ಲೊಂದರ ಅಡುಗೆಮನೆಯಲ್ಲಿದ್ದರು. ಖಿನ್ ಆಂಟಿ ಅವರ ಹೆಂಡತಿ. ಮಗಳು ಸಾಂಡಾ ನನ್ನ ಕ್ಲಾಸಿನವಳು. ಹೋದ ಕೂಡಲೇ ಆಂಟಿ ಯಾವುದೋ ಮರದ ತೊಗಟೆಯನ್ನು ಕಲ್ಲಿನ ಮೇಲೆ ತೇದು ನಮ್ಮಿಬ್ಬರ ಕೆನ್ನೆಗೂ ಬಳಿಯುತ್ತಿದ್ದರು. ತಣ್ಣಗೆ, ನಮ್ಮ ಗಂಧ ತೇದ ಹಾಗೇ ಇರುತ್ತಿತ್ತು. ಹುದುಗಿಸಿದ ಟೀ ಎಲೆಗೆ ಹುರಿದ ಕಾಳು, ಎಳ್ಳು, ನಿಂಬೆಹಣ್ಣು ಬೆರೆಸಿ ಮಾಡುವ ತಿಂಡಿಯಲ್ಲಿ ಒಣಸಿಗಡಿ ಹಾಕದ ಒಂದು ತಟ್ಟೆ ನನಗಾಗಿ ಬೇರೆಯೇ ಇರುತ್ತಿತ್ತು. ಅದನ್ನು ನಾನು ಹೊಟ್ಟೆಬಾಕಿಯ ಹಾಗೆ ತಿನ್ನುತ್ತಿದ್ದೆ.

ಭಾನುವಾರ ಅಂದರೆ ಅವರ ಊರಿನವರೆಲ್ಲ ಆ ಎರಡು ಕೋಣೆಗಳ ಮನೆಯಲ್ಲಿ ಸೇರಬೇಕು, ಉಣ್ಣಬೇಕು, ವಾದಕ್ಕೆ ಕೂರಬೇಕು. ಆ ವರ್ಷ ಅಲ್ಲಿನ ಜನರಲ್‌ಗಳು ಸುಧಾರಣೆ ತರುತ್ತೇವೆ, ಚುನಾವಣೆ ನಡೆಸುತ್ತೇವೆ, ಹೊರಗಿರುವವರೆಲ್ಲ ವಾಪಸ್ ಬನ್ನಿ ಎಂದಿದ್ದರಂತೆ. ನಂಬಿ ಹೋಗಿ ಒಳಗಿನಿಂದಲೇ ಬದಲಾಯಿಸಬೇಕು ಎಂದು ಕೆಲವರು. ಸಮವಸ್ತ್ರ ಬಿಚ್ಚಿ ಲುಂಗಿ ಉಟ್ಟ ಮಾತ್ರಕ್ಕೆ ಮನುಷ್ಯ ಬದಲಾಗುತ್ತಾನಾ ಎಂದು ಉಳಿದವರು. ವಾದ ಎಷ್ಟೇ ಕಾವೇರಿದರೂ ಅಂಕಲ್ ನಡುವೆ "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಎಲ್ಲರನ್ನೂ ನಿಲ್ಲಿಸಿ, ನನ್ನ ಕಡೆ ತಿರುಗಿ, ಯಾರು ಏನು ಹೇಳಿದರೆಂದು ಜಪಾನೀಸಿನಲ್ಲಿ ಬಿಡಿಸಿ ಹೇಳುತ್ತಿದ್ದರು. ಅವರದೊಂದು ಕಾನೂನಿತ್ತು: ಈ ಮನೆಯಲ್ಲಿ ಉಂಡವರಿಗೆಲ್ಲ ಒಂದು ಓಟು, ಓಟಿದ್ದವರಿಗೆಲ್ಲ ವಿಷಯ ತಿಳಿದಿರಬೇಕು. ನಾನು ತಲೆಯಾಡಿಸುತ್ತಿದ್ದೆ. ಕಣ್ಣೆಲ್ಲ ಸಾಂಡಾಳ ಗೇಮಿನ ಮೇಲೆ. ಅಪ್ಪನಿಗೆ ಇದನ್ನೆಲ್ಲ ಹೇಳಿದರೆ, "ಬೇರೆಯವರ ಪಾಲಿಟಿಕ್ಸ್ ನಮಗ್ಯಾಕೆ ಪುಟ್ಟಿ? ನಾಳೆ ವೀಸಾ ರಿನ್ಯೂವಲ್‌ಗೆ ಪ್ರಾಬ್ಲಮ್ ಆದ್ರೆ?" ಎನ್ನುತ್ತಿದ್ದರು.

ಕೊನೆಗೊಂದು ಭಾನುವಾರ ವಾದ ಅಂಕಲ್‌ ಬುಡಕ್ಕೇ ಬಂತು. ಅವರು ವಾಪಸ್ ಹೋಗಬೇಕೋ ಬೇಡವೋ? ತಾನು ಕೈ ಎತ್ತುವುದಿಲ್ಲ, ನೀವು ಹೇಳಿದಂತೆ ಎಂದು ಅವರು ಕೂತರು. ಅವತ್ತು ಮಧ್ಯಾಹ್ನ ನಮ್ಮಿಬ್ಬರನ್ನು ಪಾರ್ಕಿನ ಪುಟ್ಟ ಮೃಗಾಲಯಕ್ಕೆ ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿದ್ದರು. ಅಲ್ಲಿ ಮಕ್ಕಳು ಗಿನಿಪಿಗ್‌ಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದಿತ್ತು, ಆದರೆ ಸಂಜೆಯೊಳಗೆ ಅದು ಮುಗಿದುಹೋಗುತ್ತಿತ್ತು. ಮಾತು ಮುಗಿಯಲೇ ಇಲ್ಲ. ಅಂತೂ ಕೈ ಎತ್ತಿದಾಗ ಎರಡೂ ಕಡೆ ಸಮಸಮ ಆಯಿತು. ಆಂಟಿ ಮತ್ತು ಸಾಂಡಾ 'ಬೇಡ' ಎಂದವರ ಜೊತೆ. ಅಂಕಲ್ ನನ್ನನ್ನು ನೋಡಿದರು. "ಮೇಘಾ-ಚಾನ್ ಕೂಡ ಉಂಡಿದ್ದಾಳೆ. ಓಟು ಹಾಕೋ ದೇಶದವಳು, ನಮಗಿಂತ ಅನುಭವ ಜಾಸ್ತಿ" ಎಂದಾಗ ಎಲ್ಲರೂ ನಕ್ಕರು. ಅವರಿಗೆ ಹೋಗುವ ಮನಸ್ಸಿದೆ ಎಂದು ನಮ್ಮಂಥ ಮಕ್ಕಳಿಗೂ ಗೊತ್ತಿತ್ತು. ಬೇಡ ಎಂದರೆ ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ, ಹೋಗಲಿ ಎಂದರೆ ಈಗಲೇ ಏಳುತ್ತಾರೆ ಎಂದು ನಾನು ಲೆಕ್ಕ ಹಾಕಿದೆ. ಹೋಗಲಿ ಎಂದವರ ಕಡೆ ಕೈ ಎತ್ತಿದೆ. ಗಿನಿಪಿಗ್ ಬೆಚ್ಚಗಿತ್ತು, ತೊಡೆಯ ಮೇಲೆ ಸುಮ್ಮನೆ ಕೂತಿತ್ತು. ಅಂಕಲ್ ಬೆಂಚಿನ ಮೇಲೆ ಕೂತು ಏನೋ ಗುನುಗುತ್ತಿದ್ದರು.

ಅವರು ಹೋದರು. ತಮ್ಮ ಊರಿನಲ್ಲಿ ಒಂದು ಓದುಮನೆ ತೆರೆದರು. ಅಲ್ಲಿಯೂ ವಾದ, ಅಲ್ಲಿಯೂ ಊಟ. ಅಲ್ಲೊಂದು ನೆಲೆಯಾದ ಮೇಲೆ ಹೆಂಡತಿ ಮಗಳನ್ನು ಕರೆಸಿಕೊಳ್ಳುವುದೆಂದಿತ್ತು. ವರ್ಷ ವರ್ಷ ಮುಂದೆ ಹೋಯಿತು. ಖರ್ಚು ತೂಗದೆ ಆಂಟಿ ಸಾಂಡಾಳನ್ನು ಕರೆದುಕೊಂಡು ದೂರದ ಹಮಾಮತ್ಸು ಊರಿನ ಬಿಡಿಭಾಗಗಳ ಫ್ಯಾಕ್ಟರಿಗೆ ಸೇರಿದರು. ಆ ಮನೆಗೆ ಬೇರೆ ಯಾರೋ ಬಂದು ಟಟಾಮಿ ಚಾಪೆ ಕಿತ್ತು ಮರದ ನೆಲ ಹಾಕಿಸಿದರು. ಆಮೇಲೆ ಒಂದು ಬೆಳಿಗ್ಗೆ ಬರ್ಮಾದಲ್ಲಿ ಸೈನ್ಯ ಕೊಟ್ಟದ್ದನ್ನೆಲ್ಲ ವಾಪಸ್ ಕಿತ್ತುಕೊಂಡಿತು. ಓದುಮನೆಯಿಂದಲೇ ಅಂಕಲ್‌ರನ್ನು ಎಳೆದೊಯ್ದರಂತೆ. ಇವತ್ತಿನವರೆಗೆ ಸುದ್ದಿಯಿಲ್ಲ. "ಚಿಕ್ಕ ಮಗು ನೀನು, ನಿನ್ನ ತಪ್ಪೇನೇ ಇದ್ರಲ್ಲಿ?" ಎಂದು ಅಮ್ಮ ಹೇಳಿದಳು. ಅದು ನನಗೂ ಗೊತ್ತು. ಗೊತ್ತಿದ್ದರೂ ಆಂಟಿಗೆ ಒಂದು ಫೋನ್ ಮಾಡಲು ನನಗೆ ಮುಖವಿರಲಿಲ್ಲ. ಆ ವಾಸನೆ ಬಂದ ಮರುವಾರ ಹಮಾಮತ್ಸುವಿಗೆ ಶಿಂಕಾನ್ಸೆನ್ ರೈಲು ಹತ್ತಿದೆ. ಗಿನಿಪಿಗ್ಗಿನ ವಿಷಯ ಹೇಳಿಬಿಡುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಸಾಂಡಾ ಕೆಲಸಕ್ಕೆ ಹೋಗಿದ್ದಳು. ಆಂಟಿಯ ಕೂದಲೆಲ್ಲ ಬೆಳ್ಳಗಾಗಿತ್ತು. ನನ್ನನ್ನು ಕೂರಿಸಿ, ಜಪಾನೀಸಿನಲ್ಲೇ ಶುರುಮಾಡಿದರು. "ನಿನ್ನ ಅಂಕಲ್ ಫೋನ್ ಮಾಡಿದಾಗಲೆಲ್ಲ ನಿನ್ನ ಬಗ್ಗೆ ಹೇಳೋರು. ಓದುಮನೆ ಹುಡುಗರಿಗೆಲ್ಲ ಹೇಳ್ತಿದ್ರಂತೆ, ಟೋಕಿಯೋದಲ್ಲಿ ಒಂದು ಮಗು ಪೂರ್ತಿ ವಾದ ಕೇಳಿ, ಯೋಚನೆ ಮಾಡಿ, ಕೈ ಎತ್ತಿತು. ದೊಡ್ಡೋರೂ ಅಷ್ಟು ಮಾಡಿದ್ರೆ ದೇಶ ಉದ್ಧಾರ ಆಗತ್ತೆ ಅಂತ." ಆಂಟಿ ನನ್ನ ಕಡೆ ಬಾಗಿದರು. "ಅಷ್ಟು ಚಿಕ್ಕೋಳು ನೀನು. ನಿಜವಾಗ್ಲೂ ಎಲ್ಲಾ ಕೇಳಿಸ್ಕೊಂಡಿದ್ಯಾ?" ಎಂದರು.

ಗಿನಿಪಿಗ್ಗಿನ ವಿಷಯ ಬಿಟ್ಟುಬಿಟ್ಟೆ. "ಹೌದು ಆಂಟಿ, ಎಲ್ಲಾ ಕೇಳಿಸ್ಕೊಂಡಿದ್ದೆ" ಎಂದೆ.

ಅವರು ನನ್ನ ಕೈ ಹಿಡಿದುಕೊಂಡರು. "ನಾನು ಬೇಡ ಅಂದಿದ್ದೆ. ಹಾಗಾದ್ರೆ ಅವರು ಹೋಗಿದ್ದೇ ಸರಿ, ಅಲ್ವಾ?"

ಸರಿ ಎಂದೆ. ಆ ಮನೆಯ ವಾದ ಅಲ್ಲಿಗೆ ಮುಗಿಯಿತು. ಎರಡನೇ ಸಲವೂ ಮುಗಿಸಿದವಳು ನಾನೇ.