ಹಾಳೆಯ ಹಿಂಬದಿ

ಬರೋಡಾದ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದ ಹುಡುಗಿ ಚಿತ್ರಕಲೆ ಓದುತ್ತಾಳೆ. ಕಳೆದ ವಾರ ಅವಳು ಒಂದು ದೊಡ್ಡ ಹಾಳೆಯನ್ನು ನೀರಿನಲ್ಲಿ ನೆನೆಸಿ, ಹಲಗೆಗೆ ಅಂಟಿಸಿ, ಕಿಟಕಿಗೆ ಒರಗಿಸಿಟ್ಟಿದ್ದಳು. ನಾನು ತರಗತಿ ಮುಗಿಸಿಕೊಂಡು ಬಂದು ಬಾಗಿಲು ತೆರೆದಾಗ ಕೋಣೆಯ ತುಂಬ ಒದ್ದೆ ಕಾಗದದ ವಾಸನೆ. ಗಂಜಿಯ ವಾಸನೆಗೂ ಹಸಿ ಗೋಡೆಯ ವಾಸನೆಗೂ ನಡುವಿನದು. ಪುಸ್ತಕಗಳನ್ನು ಕೆಳಗಿಡದೆ ಹಾಗೇ ನಿಂತುಬಿಟ್ಟೆ. ಏನಾಯಿತೆಂದು ಅವಳು ಕೇಳಿದಳು. ಏನೂ ಇಲ್ಲವೆಂದೆ.

ಅದು ನಮ್ಮ ಅಜ್ಜಿಯ ಮಧ್ಯಾಹ್ನಗಳ ವಾಸನೆ. ಅಜ್ಜಿ ಎಂದರೆ ಅಪ್ಪನ ತಾಯಿ. ತಾತ ತೀರಿಕೊಂಡ ಮೇಲೆ ಮೈಸೂರು ಬಿಟ್ಟು ಅಹಮದಾಬಾದಿನಲ್ಲಿ ನಮ್ಮ ಜೊತೆಗಿರಲು ಬಂದಿದ್ದಳು. ಅಪ್ಪ ಅಲ್ಲಿನ ಒಂದು ಸಂಶೋಧನಾಲಯದಲ್ಲಿದ್ದರು. ನಮ್ಮ ಬಾಡಿಗೆ ಮನೆಯ ತಾರಸಿಯಿಂದ ಸಾಬರಮತಿಯ ಮರಳು ಕಾಣುತ್ತಿತ್ತು. ಬೇಸಿಗೆಯಲ್ಲಿ ನದಿಯಲ್ಲಿ ನೀರಿಗಿಂತ ಮರಳೇ ಹೆಚ್ಚು. ಅಚ್ಚು ಹಾಕಿದ ಸೀರೆಗಳನ್ನು ಅದರ ಮೇಲೆ ಉದ್ದಕ್ಕೆ ಹಾಸಿ ಒಣಗಿಸುತ್ತಿದ್ದರು.

ಬಣ್ಣದ ಪೆಟ್ಟಿಗೆ ನನ್ನದು. ಶಾಲೆಯಲ್ಲಿ ಬೇಕೆಂದು ಕೊಡಿಸಿದ್ದರು. ನನಗೆ ಚಿತ್ರ ಬರುತ್ತಿರಲಿಲ್ಲ. ವರ್ಷ ಮುಗಿದ ಮೇಲೆ ಅದನ್ನು ಎಲ್ಲೋ ಬಿಸಾಕಿದ್ದೆ. ಒಂದು ದಿನ ನೋಡಿದರೆ ಅಜ್ಜಿ ಅದನ್ನು ಒರೆಸಿ, ಒಂದೊಂದೇ ಬಣ್ಣಕ್ಕೆ ಬೆರಳಲ್ಲಿ ನೀರು ಮುಟ್ಟಿಸುತ್ತ ಕೂತಿದ್ದಳು. ಮೈಸೂರಿನಲ್ಲಿ ಬೀದಿಯವರೆಲ್ಲ ನಿಂತು ನೋಡುವಂಥ ರಂಗೋಲಿ ಅವಳದಾಗಿತ್ತಂತೆ. ತಾತ ಹೋದ ಮೇಲೆ ಹಬ್ಬದ ದಿನ ಬಾಗಿಲಿಗೆ ಎಳೆ ಎಳೆಯುತ್ತಿದ್ದುದು ಅಮ್ಮ. ಅಜ್ಜಿ ಒಳಗಿರುತ್ತಿದ್ದಳು. ಅದರ ಬಗ್ಗೆ ಯಾರೂ ಮಾತಾಡಿದ್ದು ನನಗೆ ನೆನಪಿಲ್ಲ.

ಅಜ್ಜಿ ತುಂಬ ಮಡಿಯವಳು. ಕುಂಚದ ಕೂದಲು ಯಾವುದೋ ಪ್ರಾಣಿಯದೆಂದು ಅಪ್ಪ ಹೇಳಿದ ಮೇಲೆ ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೆಯ ದಿನ ತಾನೇ ಒಂದು ಏರ್ಪಾಡು ಮಾಡಿಕೊಂಡಳು. ಊಟವಾದ ಮೇಲೆ ಹಿಂದಿನ ಜಗಲಿಯಲ್ಲಿ ಚಿತ್ರ, ಸಂಜೆ ಅಡುಗೆಮನೆಗೆ ಕಾಲಿಡುವ ಮೊದಲು ಇನ್ನೊಂದು ಸ್ನಾನ. ನಲ್ಲಿಯಲ್ಲಿ ನೀರು ಬರುತ್ತಿದ್ದುದು ಬೆಳಗ್ಗೆ ಮಾತ್ರ. ಅಮ್ಮ ನನ್ನ ಕಡೆ ತಿರುಗಿ, ಅಜ್ಜಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದಳು:

"ಚಿತ್ರಕ್ಕೆ ಒಂದು ಲೋಟ ನೀರು, ಚಿತ್ರ ಬರೆದವರಿಗೆ ಎರಡು ಬಕೆಟ್ಟು."

"ನಾಳೆಯಿಂದ ಒಂದೇ ಬಕೆಟ್ಟು ಕಣಮ್ಮ," ಎನ್ನುತ್ತಿದ್ದಳು ಅಜ್ಜಿ. ಒಂದರಲ್ಲೇ ಮುಗಿಸಿದ್ದೂ ಉಂಟು.

ಕಾಗದ ಮಾತ್ರ ಅಪ್ಪನ ಕೊಡುಗೆ. ಕಚೇರಿಯಲ್ಲಿ ಕೆಲಸ ಮುಗಿದ ಗ್ರಾಫ್ ಹಾಳೆಗಳನ್ನು ಸುತ್ತಿ ತರುತ್ತಿದ್ದರು. ಒಂದು ಬದಿ ಚೌಕಳಿ ಮತ್ತು ಇಂಕಿನ ಗೆರೆಗಳು, ಹಿಂಬದಿ ಖಾಲಿ. ಅಜ್ಜಿ ಹಾಳೆಯ ಎರಡೂ ಬದಿ ಒದ್ದೆ ಮಾಡಿ, ಗೆರೆಯ ಬದಿಯನ್ನು ಕೆಳಗಾಗಿಸಿ, ಊಟದ ಮಣೆಯ ಮೇಲೆ ಅಂಗೈಯಿಂದ ಸವರಿ ಕೂರಿಸುತ್ತಿದ್ದಳು. ಆಮೇಲೆ ಬಣ್ಣ. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಣ ಹಾಳೆಗೆ ಬಣ್ಣ ಹಚ್ಚಿದರೆ ಹಪ್ಪಳದ ಹಾಗೆ ಮುದುರುತ್ತದೆಂದು ತಾನೇ ಕಂಡುಕೊಂಡಿದ್ದಳು. ಅವಳು ಹೆಚ್ಚಾಗಿ ಬರೆದದ್ದು ನದಿಯ ಮೇಲಿನ ಸೀರೆಗಳನ್ನು. ಮನುಷ್ಯರಿಲ್ಲ, ಬರೀ ಸೀರೆಗಳು, ಕೆಂಪು, ನೀಲಿ, ಅರಿಸಿನ, ದೂರ ಹೋದಂತೆ ಸಣ್ಣವಾಗುತ್ತ... ಪಕ್ಕದ ಮನೆಯ ಗುಜರಾತಿ ಹೆಂಗಸು ಒಮ್ಮೆ ನೋಡಿ, "ಬಹು ಸರಸ್, ಬಾ," ಎಂದಿದ್ದಳು. ತುಂಬ ಚೆನ್ನಾಗಿದೆಯಮ್ಮ, ಎಂದು. ನಮ್ಮ ಮನೆಯಲ್ಲಿ ಅಷ್ಟನ್ನು ಕನ್ನಡದಲ್ಲಿ ಹೇಳಿದವರು ಯಾರೂ ಇರಲಿಲ್ಲ. ನಾನೂ ಹೇಳಿರಲಿಲ್ಲ.

ನನಗೆ ಹನ್ನೊಂದು ತುಂಬಿದ ವರ್ಷದ ಮೇ ತಿಂಗಳು. ಅಜ್ಜಿಯ ಕಣ್ಣಿಗೆ ಪೊರೆ ಬರತೊಡಗಿತ್ತು. ಬಣ್ಣ ಕಾಣುತ್ತಿತ್ತು, ಸಣ್ಣ ಗೆರೆ ಕಾಣುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಕಥೆಪುಸ್ತಕ ಹಿಡಿದು ಮಲಗಿದ್ದಾಗ ನಾಲ್ಕು ಹಾಳೆ ತಂದುಕೊಡೆಂದು ಕೇಳಿದಳು. ಹಳೆಯ ಹಾಳೆಗಳಿದ್ದುದು ಮಂಚದ ಕೆಳಗೆ, ಟ್ರಂಕಿನ ಹಿಂದೆ. ಬಗ್ಗಿ ಟ್ರಂಕು ಎಳೆಯಬೇಕಿತ್ತು. ಅಪ್ಪನ ಮೇಜಿನ ಮೇಲೆ ಅಂಥವೇ ಹಾಳೆಗಳು ಕೈಗೆ ಸಿಗುವಂತೆ ಬಿದ್ದಿದ್ದವು. ಅವನ್ನು ತಂದುಕೊಟ್ಟೆ.

ಅಜ್ಜಿ ಒಂದು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳಲ್ಲಿ ತಿಕ್ಕಿ ನೋಡಿದಳು. "ಇದು ಬೇಡದ್ದೇ ತಾನೇ, ಮರಿ?"

"ಹೂಂ," ಎಂದೆ. ಪುಸ್ತಕದಿಂದ ಕಣ್ಣೆತ್ತಲಿಲ್ಲ.

ಸಂಜೆ ಅಪ್ಪ ಬಂದಾಗ ನಾಲ್ಕೂ ಹಾಳೆಗಳು ಜಗಲಿಯಲ್ಲಿ ಒಣಗುತ್ತಿದ್ದವು. ಅಪ್ಪ ಒಂದನ್ನು ತಿರುಗಿಸಿ ನೋಡಿದರು. ಮೂರು ತಿಂಗಳ ಅಳತೆಗಳನ್ನು ಇಂಕಿನಲ್ಲಿ ಗುರುತಿಸಿ ಎಳೆದಿದ್ದ ಗೆರೆಗಳೆಲ್ಲ ನೀರು ಕುಡಿದು ನೀಲಿ ಕಲೆಗಳಾಗಿದ್ದವು. ಅಪ್ಪ ಕೂಗಾಡುವವರಲ್ಲ. ಅವತ್ತೂ ಕೂಗಾಡಲಿಲ್ಲ.

"ಗೊತ್ತಾಗದಿದ್ರೆ ಕೇಳಬೇಕಮ್ಮ. ಇದೇನು ಅಂಗಡಿ ಪೊಟ್ಟಣದ ಕಾಗದ ಅಂದ್ಕೊಂಡ್ಯಾ?"

ಅಜ್ಜಿ ಒಮ್ಮೆ ನನ್ನನ್ನು ನೋಡಿದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಆಗ ಹೇಳಬಹುದಿತ್ತು...

"ಕಣ್ಣು ಕಾಣಲಿಲ್ಲ ಕಣೋ," ಎಂದಳು ಅಜ್ಜಿ. "ನಾನೇ ತಗೊಂಡೆ."

"ಸಾಕು ಬಿಡು ಇನ್ನ ಈ ಚಿತ್ರಗಿತ್ರ. ಕಣ್ಣಿಲ್ಲದ ಮೇಲೆ ಯಾಕೆ ಬೇಕು ಇದೆಲ್ಲ?"

ಅಮ್ಮ ಬಣ್ಣದ ಪೆಟ್ಟಿಗೆಯನ್ನು ಅಟ್ಟದ ಮೇಲಿಟ್ಟಳು. ಅಪ್ಪ ಹಾಳೆ ತರುವುದು ನಿಂತಿತು. ಅಳತೆಗಳೆಲ್ಲ ಕಚೇರಿಯ ನೋಟ್‌ಬುಕ್ಕಿನಲ್ಲಿದ್ದವು. ಒಂದು ವಾರ ಸಂಜೆ ಕೂತು ಅಪ್ಪ ನಾಲ್ಕೂ ಗ್ರಾಫುಗಳನ್ನು ಮತ್ತೆ ಎಳೆದು ಮುಗಿಸಿದರು. ಆ ಗೆರೆಗಳು ಅಳಿಸಿದ್ದರಿಂದ ಯಾರಿಗೂ ಏನೂ ನಷ್ಟವಾಗಲಿಲ್ಲ. ಅಜ್ಜಿಯ ಚಿತ್ರಗಳನ್ನು ಅಮ್ಮ ಅಡುಗೆಮನೆಯ ಡಬ್ಬಿಗಳ ಕೆಳಗೆ ಹಾಸಿದಳು. ಕಲೆಗಳಿದ್ದರೂ ಚೌಕಳಿಯ ಬದಿಯೇ ಅಚ್ಚುಕಟ್ಟಾಗಿ ಕಾಣುತ್ತದೆಂದು ಬಣ್ಣದ ಬದಿಯನ್ನು ಕೆಳಗೆ ಮಾಡಿ.

ಅಜ್ಜಿ ಆಮೇಲೆ ನಾಲ್ಕು ವರ್ಷ ಇದ್ದಳು. ಮಧ್ಯಾಹ್ನ ಅಕ್ಕಿ ಆರಿಸುತ್ತಿದ್ದಳು, ಬತ್ತಿ ಹೊಸೆಯುತ್ತಿದ್ದಳು. ಎರಡನೆಯ ಸ್ನಾನ ನಿಂತದ್ದರಿಂದ ಮನೆಯಲ್ಲಿ ನೀರು ಉಳಿಯಿತು. ನನ್ನ ಮೇಲೆ ಅವಳಿಗೆ ಸಿಟ್ಟಿತ್ತೇ? ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಮೊದಲಿನ ಹಾಗೆಯೇ ನನ್ನ ತಲೆ ಬಾಚುತ್ತಿದ್ದಳು.

ಮೂರನೆಯ ವರ್ಷ ಕಣ್ಣಿನ ಆಪರೇಷನ್ ಆಯಿತು. ದಪ್ಪ ಕನ್ನಡಕ ಬಂತು. ಒಂದು ದಿನ ಮನೆಯಲ್ಲಿ ನಾವಿಬ್ಬರೇ ಇದ್ದಾಗ ನಾನು ಅಟ್ಟದಿಂದ ಪೆಟ್ಟಿಗೆ ಇಳಿಸಿ ಅವಳ ಮುಂದಿಟ್ಟೆ. ಅಜ್ಜಿ ಮುಚ್ಚಳ ತೆರೆದಳು. ಬಣ್ಣಗಳು ಬಿರುಕು ಬಿಟ್ಟಿದ್ದವು. ಕೆಂಪಿನ ಮೇಲೆ ಒಂದು ಬೆರಳಿಟ್ಟಳು.

"ನಿಮ್ಮಪ್ಪನ್ನ ಕೇಳಿ ತಂದ್ಯಾ?"

ನಾನು ಕೇಳಿರಲಿಲ್ಲ. ಕೇಳಬೇಕಾದರೆ ಆ ಮಧ್ಯಾಹ್ನದ ಮಾತು ಎತ್ತಬೇಕಿತ್ತು. ನನಗಾಗ ಹದಿನಾಲ್ಕು ವರ್ಷ. ಹನ್ನೊಂದರಲ್ಲಿ ಬಾಯಿ ಬಿಡದವಳಿಗೆ ಹದಿನಾಲ್ಕರಲ್ಲಿ ಅದು ಇನ್ನೂ ಕಷ್ಟವಾಗಿತ್ತು.

"ಎತ್ತಿಡು ಹಾಗಾದ್ರೆ," ಎಂದಳು ಅಜ್ಜಿ. ಎತ್ತಿಟ್ಟೆ.

ಮುಂದಿನ ಚಳಿಗಾಲದಲ್ಲಿ ಅವಳು ಹೋದಳು.

ಕಳೆದ ವಾರ ಹಾಸ್ಟೆಲಿನಲ್ಲಿ ಹಾಗೆ ನಿಂತುಬಿಟ್ಟ ಮೇಲೆ, ಶನಿವಾರದ ರೈಲು ಹಿಡಿದು ಅಹಮದಾಬಾದಿಗೆ ಹೋದೆ. ಅಪ್ಪನ ಕಚೇರಿಗೆ ಹೊಸದಾಗಿ ಸೇರಿದ ಧಾರವಾಡದವರೊಬ್ಬರು ಊಟಕ್ಕೆ ಬಂದಿದ್ದರು. ಅಪ್ಪ ಎಂದಿನಂತೆ ಆ ಕತೆ ಹೇಳಿದರು. ನಮ್ಮ ಮನೆಗೆ ಬಂದವರೆಲ್ಲ ಅದನ್ನು ಕೇಳಿರುತ್ತಾರೆ.

"ನಮ್ಮಮ್ಮ ನನ್ನ ಮೂರು ತಿಂಗಳ ರೀಡಿಂಗ್ ಮೇಲೆ ಸೀರೆ ಒಣಗಹಾಕಿಬಿಟ್ಟಿದ್ರು ನೋಡಿ."

ಬಂದವರು ನಕ್ಕರು. "ಒಣಗಿದ್ವೇನ್ರೀ ಮತ್ತ?" ಎಂದು ಕೇಳಿದರು. ಅಪ್ಪ ಇನ್ನಷ್ಟು ನಕ್ಕರು. ನಾನು ಎಲೆಗಳಿಗೆ ಮಜ್ಜಿಗೆ ಬಡಿಸುತ್ತಿದ್ದೆ.

ಅವರು ಹೋದ ಮೇಲೆ, ಅಪ್ಪ ಪತ್ರಿಕೆ ಬಿಡಿಸಿಕೊಂಡು ಕೂತಾಗ ಹೇಳಿದೆ. "ಅಪ್ಪ, ಆ ಹಾಳೆ ಅಜ್ಜಿ ತಗೊಂಡಿದ್ದಲ್ಲ. ನಾನು ಕೊಟ್ಟಿದ್ದು. ಬೇಡದ್ದೇ ತಾನೇ ಅಂತ ಅವಳು ಕೇಳಿದ್ದಳು. ನಾನು ಹೂಂ ಅಂದಿದ್ದೆ."

ಅಪ್ಪ ಕನ್ನಡಕದ ಮೇಲಿಂದ ನೋಡಿದರು. ಇಷ್ಟು ವರ್ಷ ನಾನು ಹೆದರಿದ್ದ ನೋಟ ಇದೇ ಇರಬಹುದು ಎಂದುಕೊಂಡೆ. ಅದಾಗಿರಲಿಲ್ಲ.

"ನೀನಾ?" ಎಂದು ನಕ್ಕರು. "ಆಗ ನೀನೆಷ್ಟಿದ್ದೆ, ಹನ್ನೊಂದೋ ಹನ್ನೆರಡೋ. ಹೋಗ್ಲಿ ಬಿಡು. ಗ್ರಾಫೇನು, ಆಮೇಲೆ ಎಳೆದಾಯ್ತಲ್ಲ."

ಆಮೇಲೆ ನಾಳೆ ನನ್ನ ರೈಲು ಎಷ್ಟು ಗಂಟೆಗೆಂದು ಕೇಳಿ, ಪತ್ರಿಕೆಯ ಪುಟ ತಿರುಗಿಸಿದರು.

'ಹೋಗ್ಲಿ ಬಿಡು' ಎನ್ನಲು ಅಪ್ಪನಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ನಾಲ್ಕು ವರ್ಷ ಒಂದೇ ಮನೆಯಲ್ಲಿ, ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತ ತಾಯಿಗೆ ಅದನ್ನು ಹೇಳಬೇಕೆಂದು ಅವರಿಗೆ ಹೊಳೆದಿರಲಿಲ್ಲ. ಅವರಿಂದ ಹೇಳಿಸಬಹುದಾಗಿದ್ದವಳು ನಾನೊಬ್ಬಳೇ. ನಾನು ಹೇಳುವ ಹೊತ್ತಿಗೆ ಅಜ್ಜಿ ಇರಲಿಲ್ಲ, ಆ ಮಾತು ನನಗೆ ಸಿಕ್ಕಿತು.